ಕಂತು ಅಷ್ಟೇ ಇತ್ತು, ವರ್ಷಗಳು ಬೆಳೆದಿದ್ದವು: ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ ಬಹಿರಂಗ ಪತ್ರ

ತುಮಕೂರು
ಜನವರಿ 2026

ಇವರಿಗೆ,
ಮಾನ್ಯ ಗವರ್ನರ್ ಅವರು, ಭಾರತೀಯ ರಿಸರ್ವ್ ಬ್ಯಾಂಕ್, ಮುಂಬೈ
ಹಾಗೂ ಹಣಕಾಸು ನೀತಿ ಸಮಿತಿಯ ಮಾನ್ಯ ಸದಸ್ಯರು

ವಿಷಯ: ಸಾಲಗಾರರಿಗೆ ತಿಳಿಸದೆ ಗೃಹಸಾಲದ ಅವಧಿ ವಿಸ್ತರಿಸುವುದರ ಕುರಿತು

ಮಾನ್ಯರೇ,

ನಾನು ತುಮಕೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. 2021ರ ಜೂನ್‌ನಲ್ಲಿ, ಗೃಹಸಾಲದ ಬಡ್ಡಿ ಇಷ್ಟು ಕಡಿಮೆಯಾದದ್ದು ಹಿಂದೆಂದೂ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ನಾನೂ ನನ್ನ ಯಜಮಾನರೂ ಸೇರಿ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಲು ಒಂದು ಬ್ಯಾಂಕಿನಿಂದ 30 ಲಕ್ಷ ರೂಪಾಯಿ ಸಾಲ ಪಡೆದೆವು. ಬಡ್ಡಿ ಶೇ 6.70, ಅವಧಿ 20 ವರ್ಷ, ತಿಂಗಳ ಕಂತು 22,722 ರೂಪಾಯಿ. ಕೊನೆಯ ಕಂತು 2041ರ ಜೂನ್‌ನಲ್ಲಿ ಎಂದು ಮಂಜೂರಾತಿ ಪತ್ರದಲ್ಲಿದ್ದ ಸಾಲನ್ನು ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೆ. ಆಗ ನನಗೆ 56 ವರ್ಷವಾಗಿರುತ್ತದೆ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುತ್ತದೆ ಎಂಬುದು ನಮ್ಮ ಲೆಕ್ಕವಾಗಿತ್ತು.

ಆ ಲೆಕ್ಕ ತಪ್ಪಿಹೋದದ್ದು ನನಗೆ ತಿಳಿದದ್ದು 2023ರ ಏಪ್ರಿಲ್‌ನಲ್ಲಿ, ಅದೂ ಆಕಸ್ಮಿಕವಾಗಿ. ಆದಾಯ ತೆರಿಗೆಯ ಲೆಕ್ಕಕ್ಕೆ ಬಡ್ಡಿ ಪ್ರಮಾಣಪತ್ರ ತರಲು ಶಾಖೆಗೆ ಹೋದಾಗ, ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟನ್ನೂ ಕೇಳಿ ಪಡೆದೆ. ಕೌಂಟರಿನ ಪಕ್ಕದ ಬೆಂಚಿನಲ್ಲೇ ಕುಳಿತು ಕೊನೆಯ ಹಾಳೆ ನೋಡಿದೆ. ಆ ತಿಂಗಳು ನಮ್ಮ ಖಾತೆಯಿಂದ ಕಡಿತವಾಗಿದ್ದ 22,722 ರೂಪಾಯಿಯಲ್ಲಿ ಬಡ್ಡಿಗೆ ಹೋದದ್ದು 22,270. ಅಸಲಿಗೆ ಜಮೆಯಾದದ್ದು 452 ರೂಪಾಯಿ. ಮೊದಲು ಅಚ್ಚಿನ ತಪ್ಪಿರಬಹುದೆಂದುಕೊಂಡೆ. ಹಿಂದಿನ ತಿಂಗಳುಗಳ ಸಾಲುಗಳನ್ನು ನೋಡುತ್ತ ಹೋದಂತೆ ತಪ್ಪಲ್ಲವೆಂದು ತಿಳಿಯಿತು. 2022ರ ಜುಲೈನಿಂದ ಮೂರು ತಿಂಗಳಿಗೊಮ್ಮೆ ಬಡ್ಡಿ ದರ ಶೇ 7.60, 8.60, 8.95, ಕೊನೆಗೆ 9.20 ಎಂದು ಏರಿತ್ತು. ಅಸಲಿನ ಅಂಕಣದ ಸಂಖ್ಯೆ ಅದೇ ಪ್ರಮಾಣದಲ್ಲಿ ಕರಗುತ್ತ ಬಂದಿತ್ತು. ಕಂತು ಮಾತ್ರ ಒಂದು ರೂಪಾಯಿಯೂ ಬದಲಾಗಿರಲಿಲ್ಲ, ಆದ್ದರಿಂದಲೇ ನಮಗೆ ಏನೂ ಗೊತ್ತಾಗಿರಲಿಲ್ಲ.

ಮ್ಯಾನೇಜರ್ ಅವರನ್ನು ಕೇಳಿದೆ. ಅವರು ಸೌಜನ್ಯದಿಂದಲೇ ಉತ್ತರಿಸಿದರು: "ಕಂತು ಜಾಸ್ತಿ ಮಾಡಿದ್ರೆ ಕಸ್ಟಮರ್‌ಗೆ ಕಷ್ಟ ಆಗುತ್ತೆ ಅಂತ ಸಿಸ್ಟಮ್ಮೇ ಅವಧಿ ಎಳೆದುಬಿಡುತ್ತೆ ಮೇಡಂ." ಎಷ್ಟು ಎಳೆದಿದೆ ಎಂದರೆ ಅವರಿಗೂ ಕೂಡಲೇ ಹೇಳಲಾಗಲಿಲ್ಲ. ಆ ರಾತ್ರಿ ಮನೆಯಲ್ಲಿ ನಾನೇ ಲೆಕ್ಕ ಹಾಕಿದೆ. ಆ ದರ ಹಾಗೆಯೇ ಉಳಿದು, ಆ ಕಂತನ್ನೇ ಕಟ್ಟುತ್ತ ಹೋದರೆ ಸಾಲ ತೀರಲು ಇನ್ನೂ 42 ವರ್ಷಕ್ಕಿಂತ ಹೆಚ್ಚು ಬೇಕಾಗಿತ್ತು. ಕೊನೆಯ ಕಂತು ಕಟ್ಟುವಾಗ ನನಗೆ 80 ವರ್ಷವಾಗಿರುತ್ತಿತ್ತು. ಹದಿನೆಂಟು ವರ್ಷಗಳಲ್ಲಿ ಮುಗಿಯಬೇಕಿದ್ದ ಸಾಲದ ಅವಧಿ ಇಮ್ಮಡಿಗೂ ಮೀರಿ ಬೆಳೆದಿತ್ತು. ಈ ಒಂಬತ್ತು ತಿಂಗಳಲ್ಲಿ ನಮಗೆ ಬ್ಯಾಂಕಿನಿಂದ ಹಬ್ಬದ ಶುಭಾಶಯದ ಸಂದೇಶಗಳೂ ಕ್ರೆಡಿಟ್ ಕಾರ್ಡಿನ ಕರೆಗಳೂ ಬಂದಿದ್ದವು. ಅವಧಿ ಬದಲಾಗಿದೆ ಎಂಬ ಒಂದು ಸಾಲಿನ ಸಂದೇಶ ಬಂದಿರಲಿಲ್ಲ.

ನಿಯಮದ ಪ್ರಕಾರ ಬಡ್ಡಿ ಏರಿದ್ದು ತಪ್ಪೆಂದು ನಾನು ವಾದಿಸುತ್ತಿಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ದರದ ಗೃಹಸಾಲಗಳನ್ನು ರೆಪೊ ದರದಂಥ (ಬ್ಯಾಂಕುಗಳಿಗೆ ತಾವು ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರವನ್ನು ಮರುನಿಗದಿ ಮಾಡಬೇಕು ಎಂದು ಆದೇಶ ಮಾಡಿದ್ದು ತಮ್ಮ ಸಂಸ್ಥೆಯೇ. ಅದಕ್ಕೆ ಮೊದಲು ದರ ಇಳಿದರೂ ಬ್ಯಾಂಕುಗಳು ಇಳಿಸದೆ ಕೂರುತ್ತಿದ್ದ ಕಾಲವನ್ನು ಕಂಡವರಿಗೆ ಇದು ಒಳ್ಳೆಯ ಸುಧಾರಣೆಯೆಂದೇ ತೋರುತ್ತದೆ. ನಾನು ಸಹಿ ಹಾಕಿದ್ದೂ ಬದಲಾಗುವ ದರಕ್ಕೇ. 2022ರ ಮೇ 4ರಂದು, ನಿಗದಿಯಾಗಿದ್ದ ಸಭೆಗೂ ಮೊದಲೇ, ಸಮಿತಿಯು ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿತು. 2023ರ ಫೆಬ್ರವರಿ 8ರ ಹೊತ್ತಿಗೆ ಅದು ಶೇ 6.50 ಆಗಿತ್ತು. ಒಂಬತ್ತು ತಿಂಗಳಲ್ಲಿ ಎರಡೂವರೆ ಶೇಕಡಾ ಅಂಶ. ಇಷ್ಟು ಬೇಗ ಇಷ್ಟು ಏರುವಾಗ, ಅದರ ಭಾರ ಸಂಸಾರದ ಮೇಲೆ ಯಾವ ರೂಪದಲ್ಲಿ ಬೀಳುತ್ತಿದೆ ಎಂಬುದನ್ನು ಹೊರುವವನಿಗೆ ಹೇಳದೇ ಇರಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ.

ಅದೇ ತಿಂಗಳುಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು, ಏಕೆಂದರೆ ಬಡ್ಡಿ ಏರಿದ್ದು ಅಲ್ಲಿಯ ಬೆಲೆಗಳನ್ನು ಹಿಡಿದಿಡುವ ಹೆಸರಿನಲ್ಲಿ. 2023ರ ಮಾರ್ಚ್‌ನಲ್ಲಿ ಅಡುಗೆ ಅನಿಲದ 14.2 ಕೆ.ಜಿ. ಸಿಲಿಂಡರ್ ಬೆಂಗಳೂರಿನ ದರದಲ್ಲಿ 1,105.50 ರೂಪಾಯಿಗೆ ಏರಿತು. ಸಿಲಿಂಡರ್ ಇನ್ನೊಂದು ವಾರ ಹೆಚ್ಚು ಬರಲಿ ಎಂದು ಅತ್ತೆಯವರು ಅನ್ನ, ಬೇಳೆ, ಕಾಫಿಗೆ ಬಿಸಿನೀರು ಎಲ್ಲವನ್ನೂ ಇಂಡಕ್ಷನ್ ಒಲೆಗೆ ವರ್ಗಾಯಿಸಿದರು. ಅದೇ ವರ್ಷದ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಏಪ್ರಿಲ್‌ನಿಂದಲೇ ಅನ್ವಯವಾಗುವಂತೆ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿತು. ಮನೆಗಳಿಗೆ 100 ಯೂನಿಟ್‌ವರೆಗೆ 4.75 ರೂಪಾಯಿ, ಅದನ್ನು ದಾಟಿದರೆ ಬಳಸಿದ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. ಇಂಡಕ್ಷನ್ ಒಲೆಯ ದೆಸೆಯಿಂದ ನಮ್ಮ ಮೀಟರ್ 104 ತೋರಿಸಿತು. ನಾಲ್ಕು ಯೂನಿಟ್ ಹೆಚ್ಚಾದದ್ದಕ್ಕೆ ನೂರನಾಲ್ಕಕ್ಕೂ ಏಳು ರೂಪಾಯಿ ತೆತ್ತೆವು. ಗ್ಯಾಸ್ ಉಳಿಸಲು ಹೋಗಿ ಕರೆಂಟಿನಲ್ಲಿ ಕಳೆದುಕೊಂಡ ಆ ತಿಂಗಳು ಅತ್ತೆಯವರು ತಮ್ಮದೇ ತಪ್ಪೆಂಬಂತೆ ನೊಂದುಕೊಂಡದ್ದು ನನಗೆ ಇಂದಿಗೂ ನೆನಪಿದೆ.

ಆಗಸ್ಟ್‌ನ ಬಿಲ್ಲಿನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಬಂತು, ಅದರಿಂದ ನಮಗೆ ಉಪಕಾರವಾಗಿದೆ. ಆ ತಿಂಗಳ ಕೊನೆಗೆ ಸಿಲಿಂಡರಿನ ಬೆಲೆ 200 ರೂಪಾಯಿ ಇಳಿಯಿತು, 2024ರ ಮಾರ್ಚ್‌ನಲ್ಲಿ ಇನ್ನೂ 100 ಇಳಿದು, 2025ರ ಏಪ್ರಿಲ್‌ನಲ್ಲಿ 50 ಏರಿ 855.50 ರೂಪಾಯಿಗೆ ಬಂತು. 2023ರ ಜುಲೈನಲ್ಲಿ ಲೀಟರಿಗೆ 39 ರೂಪಾಯಿ ಇದ್ದ ನಂದಿನಿ ಟೋನ್ಡ್ ಹಾಲು 2025ರ ಏಪ್ರಿಲ್‌ನಲ್ಲಿ 46ಕ್ಕೆ ಬಂತು. ಹಾಲು ಹಾಕುವ ರೈತರಿಗೆ ಅದು ಸಿಗಲಿ, ಅದರ ಬಗ್ಗೆ ನನಗೆ ತಕರಾರಿಲ್ಲ. 2025ರ ಜನವರಿ 5ರಿಂದ ಸಾರಿಗೆ ಬಸ್ಸಿನ ದರ ಶೇ 15ರಷ್ಟು ಹೆಚ್ಚಿತು. ಇವೆಲ್ಲ ನಮ್ಮ ದಿನಸಿ ಲೆಕ್ಕದ ನೋಟ್‌ಬುಕ್ಕಿನಲ್ಲಿ ತಿಂಗಳು ತಿಂಗಳಿಗೂ ಇವೆ.

ಈ ಪಟ್ಟಿಯಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕೆಂದು ವಿನಂತಿಸುತ್ತೇನೆ. ಅಡುಗೆ ಅನಿಲದ ಬೆಲೆ ನಿರ್ಧಾರವಾಗುವುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮತ್ತು ದೆಹಲಿಯಲ್ಲಿ, ವಿದ್ಯುತ್ತಿನದು ಆಯೋಗದಲ್ಲಿ, ಬಸ್ಸಿನದು ಸಚಿವ ಸಂಪುಟದಲ್ಲಿ, ಟೊಮೆಟೊದ್ದು ಮಳೆಯಲ್ಲಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಏರಿದಾಗ, ತುಮಕೂರಿನ ಶಿಕ್ಷಕಿಯೊಬ್ಬಳ ಗೃಹಸಾಲದ ಬಡ್ಡಿ ಏರಿಸಿದರೆ ಕೋಲಾರದ ಮಾರುಕಟ್ಟೆಗೆ ಒಂದು ಬಾಕ್ಸ್ ಹಣ್ಣೂ ಹೆಚ್ಚು ಬರುತ್ತಿರಲಿಲ್ಲ. ಆಗಸ್ಟ್‌ನ ಸಭೆಯಲ್ಲಿ ಸಮಿತಿಯು ದರವನ್ನು ಏರಿಸದೆ ಬಿಟ್ಟದ್ದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಅಷ್ಟರಲ್ಲಿ ಏರಬೇಕಾದದ್ದೆಲ್ಲ ಏರಿಯಾಗಿತ್ತು.

ಇದಕ್ಕಿಂತಲೂ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇನ್ನೊಂದು ವಿಷಯ. ಸಮಿತಿಯು ಯಾವ ಗ್ರಾಹಕ ಬೆಲೆ ಸೂಚ್ಯಂಕವನ್ನು ನೋಡಿ ನಿರ್ಧಾರ ಮಾಡುತ್ತದೆಯೋ ಆ ಸೂಚ್ಯಂಕದಲ್ಲಿ ಗೃಹಸಾಲದ ಬಡ್ಡಿಗೆ ಸ್ಥಾನವೇ ಇಲ್ಲ. 2012ರ ಆಧಾರ ವರ್ಷದ ಸರಣಿಯಲ್ಲಿ, ಒಟ್ಟು ನೂರರಲ್ಲಿ, ಆಹಾರ ಮತ್ತು ಪಾನೀಯಗಳಿಗೆ 45.86, ಇಂಧನ ಮತ್ತು ಬೆಳಕಿಗೆ 6.84, ವಸತಿಗೆ 10.07ರ ತೂಕವಿತ್ತು. ವಸತಿ ಎಂದರೆ ಅಲ್ಲಿ ಮನೆ ಬಾಡಿಗೆ. ಕಂತು ಅಲ್ಲ. ಹಾಗಾಗಿ ಸೌದೆ, ಸೀಮೆಎಣ್ಣೆ, ಸಿಲಿಂಡರಿನ ಬೆಲೆ ಏರಿದರೆ ಅದು ಸಮಿತಿಯ ಮೇಜಿನ ಮೇಲೆ ಒಂದು ಅಂಕಿಯಾಗಿ ಬಂದು ಕೂರುತ್ತದೆ. ಅದಕ್ಕೆ ಔಷಧವಾಗಿ ಬಡ್ಡಿಯನ್ನು ಏರಿಸಿದಾಗ ನನ್ನ ಮನೆಯ ಅತಿ ದೊಡ್ಡ ಖರ್ಚು ಹೆಚ್ಚಾದದ್ದು ಯಾವ ಅಂಕಿಯಾಗಿಯೂ ಎಲ್ಲಿಯೂ ಬರುವುದಿಲ್ಲ. ಹಾಗೆ ಬಡ್ಡಿಯನ್ನು ಸೇರಿಸಿದರೆ ನೀತಿಯೇ ತನ್ನ ಗುರಿಯನ್ನು ಕೆಡಿಸಿದಂತಾಗುತ್ತದೆ ಎಂಬ ಅರ್ಥಶಾಸ್ತ್ರದ ಕಾರಣ ನನಗೆ ಅರ್ಥವಾಗುತ್ತದೆ. ಸೂಚ್ಯಂಕ ಸಿದ್ಧಪಡಿಸುವುದು ತಮ್ಮ ಸಂಸ್ಥೆಯಲ್ಲ ಎಂಬುದೂ ಗೊತ್ತು. ಆದರೆ ಸೂಚ್ಯಂಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಸಂಸಾರದಲ್ಲಿ ಇಲ್ಲ ಎಂದಾಗುವುದಿಲ್ಲವಲ್ಲ. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತೆಂದು ಪತ್ರಿಕೆಯಲ್ಲಿ ಓದಿದ ದಿನ ಸಿಬ್ಬಂದಿ ಕೊಠಡಿಯಲ್ಲಿ ನಮ್ಮ ಸಹೋದ್ಯೋಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏರಿಕೆಯ ವೇಗ ಇಳಿಯಿತೇ ಹೊರತು ಏರಿದ ಬೆಲೆ ಇಳಿಯಲಿಲ್ಲ ಎಂದು ಗಣಿತದವಳಾಗಿ ನಾನು ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು, ಕೇಳಿದವರಿಗೆ ಸಮಾಧಾನವಾಗಲಿಲ್ಲ.

ಬಡ್ಡಿ ಏರಿದ್ದರಿಂದ ಒಳಿತಾದವರೂ ನಮ್ಮ ಮನೆಯಲ್ಲೇ ಇದ್ದಾರೆ. ಅತ್ತೆಯವರ ಹೆಸರಿನಲ್ಲಿ, ಮಾವನವರ ನಿವೃತ್ತಿಯ ಹಣದ ಒಂದು ಸಣ್ಣ ಠೇವಣಿ ಇದೆ. 2020 ಮತ್ತು 2021ರಲ್ಲಿ ಅದರ ಬಡ್ಡಿ ಕುಸಿದು ಅವರು ಮಾತ್ರೆಯ ಖರ್ಚಿಗೂ ಮಗನ ಕೈ ನೋಡಬೇಕಾಗಿ ಬಂದಿತ್ತು, ದರ ಏರಿದ ಮೇಲೆ ಸ್ವಲ್ಪ ಚೇತರಿಸಿಕೊಂಡರು. ಆದ್ದರಿಂದ ದರವನ್ನು ಎಂದೂ ಏರಿಸಬೇಡಿ ಎಂದು ನಾನು ಕೇಳಲಾರೆ. ಹಣದುಬ್ಬರವನ್ನು ಹತೋಟಿಯಲ್ಲಿಡದಿದ್ದರೆ ಸಾಲವಿಲ್ಲದ ಬಡವನೂ ಸಾಯುತ್ತಾನೆ.

ಹಣದುಬ್ಬರಕ್ಕೆ ಶೇ 4ರ ಗುರಿ, ಅದರ ಆಚೀಚೆ ಶೇ 2ರ ಮಿತಿ ಎಂದು ಕಾನೂನಿನಡಿ ನಿಗದಿಯಾಗಿದೆ. 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಸತತ ಮೂರು ತ್ರೈಮಾಸಿಕ ಆ ಮಿತಿ ಮೀರಿದಾಗ, ಗುರಿ ತಪ್ಪಿದ್ದೇಕೆ, ಪರಿಹಾರವೇನು, ಎಷ್ಟು ಕಾಲ ಬೇಕು ಎಂದು ಸರ್ಕಾರಕ್ಕೆ ಬರೆದು ಕೊಡುವ ಹೊಣೆ ತಮ್ಮ ಸಂಸ್ಥೆಯ ಮೇಲೆ ಬಿತ್ತು, ಅದಕ್ಕಾಗಿ ನವೆಂಬರ್ 3ರಂದು ಸಮಿತಿಯ ವಿಶೇಷ ಸಭೆಯೂ ನಡೆಯಿತು. ಆ ಪತ್ರವನ್ನು ಆಗ ಸಾರ್ವಜನಿಕರ ಮುಂದೆ ಇಡಲಿಲ್ಲ. ಗುರಿ ತಪ್ಪಿದ್ದಕ್ಕೆ ಕಾರಣ ತಿಳಿಯುವ ಹಕ್ಕು ಸರ್ಕಾರಕ್ಕಿದೆ. ಅದರ ಬೆಲೆ ತೆರುವ ಸಾಲಗಾರನಿಗೆ ತನ್ನ ಸಾಲ ಎಷ್ಟು ವರ್ಷ ಬೆಳೆದಿದೆ ಎಂದು ತಿಳಿಯುವ ಹಕ್ಕಾದರೂ ಇರಬೇಡವೇ?

ಇರಬೇಕು ಎಂದು ತಾವೇ ಒಪ್ಪಿದ್ದೀರಿ. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ, ದರ ಮರುನಿಗದಿಯಾದಾಗ ಕಂತು ಹೆಚ್ಚಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಬೆರೆಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು, ಅವಧಿ ವಿಸ್ತರಿಸುವುದರಿಂದ ಕಂತು ಬಡ್ಡಿಗೂ ಸಾಲದೆ ಅಸಲು ಬೆಳೆಯುವಂತಾಗಬಾರದು, ಪ್ರತಿ ತ್ರೈಮಾಸಿಕಕ್ಕೂ ಅಸಲೆಷ್ಟು, ಬಡ್ಡಿಯೆಷ್ಟು, ಉಳಿದ ಕಂತುಗಳೆಷ್ಟು ಎಂಬ ಸರಳವಾದ ವಿವರಪಟ್ಟಿ ಕೊಡಬೇಕು ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಹಳೆಯ ಸಾಲಗಳಿಗೂ ಆ ವರ್ಷದ ಡಿಸೆಂಬರ್ 31ರೊಳಗೆ ಇದನ್ನು ಅನ್ವಯಿಸಬೇಕೆಂದಿತ್ತು. ಅದನ್ನು ಓದಿದಾಗ ನನ್ನ ಮನಸ್ಸಿನಲ್ಲಿದ್ದುದನ್ನೇ ಯಾರೋ ಬರೆದಂತಿತ್ತು. ಆದರೆ ರೆಪೊ ದರದ ಕೊನೆಯ ಏರಿಕೆ ಆಗಿ ಆರು ತಿಂಗಳು ಕಳೆದ ಮೇಲೆ ಬಂದ ಆ ಸುತ್ತೋಲೆ, ನಮ್ಮ ಪಾಲಿಗೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಬಂದ ಮೇಲಾದರೂ ಅದು ನಮ್ಮ ಮನೆಯವರೆಗೆ ತಲುಪಿದ ಬಗೆಯನ್ನು ಹೇಳುತ್ತೇನೆ. ಈಗ ಮೂರು ತಿಂಗಳಿಗೊಮ್ಮೆ ಇಮೇಲಿಗೆ ಪಾಸ್‌ವರ್ಡ್ ಹಾಕಿದ ಒಂದು ಕಡತ ಬರುತ್ತದೆ. ಅದು ಇಂಗ್ಲಿಷಿನಲ್ಲಿದೆ, ಸಣ್ಣ ಅಕ್ಷರಗಳಲ್ಲಿದೆ, ಉಳಿದ ಕಂತುಗಳ ಸಂಖ್ಯೆ ಇದೆ, ಕೊನೆಯ ಕಂತಿನ ತಿಂಗಳು ಮತ್ತು ವರ್ಷ ಇಲ್ಲ, ಹಿಂದಿನ ತ್ರೈಮಾಸಿಕದಲ್ಲಿ ಎಷ್ಟಿತ್ತು ಎಂಬ ಹೋಲಿಕೆಯೂ ಇಲ್ಲ. ನಾನು ಅದನ್ನು ತೆರೆದು ಲೆಕ್ಕ ಹಾಕಬಲ್ಲೆ. ನನ್ನ ಯಜಮಾನರ ಜೊತೆ ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಗೆಳೆಯರೊಬ್ಬರು ತಮ್ಮದನ್ನು ತೆರೆಸಿಕೊಳ್ಳಲು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಅವರ ಸಾಲಕ್ಕೆ ಉಳಿದ ಕಂತುಗಳು 311 ಎಂದಿತ್ತು. ಮುನ್ನೂರಹನ್ನೊಂದು ಎಂದರೆ ಎಷ್ಟು ವರ್ಷ ಎಂದು ಕೇಳಿದರು. ಇಪ್ಪತ್ತಾರಕ್ಕೆ ಒಂದು ತಿಂಗಳು ಕಡಿಮೆ ಎಂದೆ. ಅವರಿಗೆ ಈಗ 47. ಕಾಫಿ ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ನಮ್ಮ ಕತೆಗೆ ಮರಳುತ್ತೇನೆ. 2041ರಲ್ಲೇ ಸಾಲ ಮುಗಿಯಬೇಕಾದರೆ ಕಂತನ್ನು 27,463 ರೂಪಾಯಿಗೆ ಏರಿಸಬೇಕಾಗಿತ್ತು. ತಿಂಗಳಿಗೆ ಸುಮಾರು 4,700 ರೂಪಾಯಿ ಹೆಚ್ಚು. ಅಷ್ಟು ನಮ್ಮಿಂದ ಆಗಲಿಲ್ಲ. 2023ರ ಮೇ ತಿಂಗಳಿನಿಂದ 25,000 ಕಟ್ಟುವುದಾಗಿ ಬರೆದುಕೊಟ್ಟೆವು. ಆ ಹೆಚ್ಚುವರಿ ಹಣಕ್ಕಾಗಿ ಮಗಳ ಹೆಸರಿನ ಆರ್‌ಡಿ ನಿಲ್ಲಿಸಿದೆವು. ಮಹಡಿ ಮೆಟ್ಟಿಲಿಗೆ ಕಂಬಿ ಹಾಕಿಸುವುದನ್ನು ಮುಂದೂಡಿದೆವು, ಇಂದಿಗೂ ಅಲ್ಲಿ ಹಗ್ಗವೇ ಇದೆ. ಅಷ್ಟಾದರೂ ಕೊನೆಯ ಕಂತು 2047ರ ಜೂನ್‌ಗೆ ಹೋಯಿತು, ಅಂದರೆ ನಾನು ನಿವೃತ್ತಳಾಗಿ ಎರಡು ವರ್ಷದ ಮೇಲೆ.

2025ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಸಮಿತಿಯು ರೆಪೊ ದರವನ್ನು ನಾಲ್ಕು ಸಲ ಇಳಿಸಿ ಶೇ 5.25ಕ್ಕೆ ತಂದಿತು. ನಮ್ಮ ಸಾಲದ ದರವೂ ಶೇ 7.95ಕ್ಕೆ ಇಳಿದಿದೆ, ಕೊನೆಯ ಕಂತು 2042ರ ಕೊನೆಗೆ ಬಂದಿದೆ. ಇದಕ್ಕಾಗಿ ತಮಗೆ ಮನಃಪೂರ್ವಕ ವಂದನೆಗಳು. ಆದರೂ ಕಳೆದ ತಿಂಗಳವರೆಗಿನ 54 ಕಂತುಗಳಲ್ಲಿ ನಾವು ಕಟ್ಟಿದ ಸುಮಾರು 13 ಲಕ್ಷ ರೂಪಾಯಿಯಲ್ಲಿ ಅಸಲಿನಿಂದ ಕಳೆದಿರುವುದು 2 ಲಕ್ಷ 11 ಸಾವಿರದಷ್ಟು ಮಾತ್ರ. 2022ರಲ್ಲೇ ಯಾರಾದರೂ ನಮಗೆ ಹೇಳಿದ್ದರೆ, ಆಗ ಕೈಯಲ್ಲಿದ್ದ ಒಂದೂವರೆ ಲಕ್ಷವನ್ನು ಅಸಲಿಗೆ ಕಟ್ಟಿಬಿಡುತ್ತಿದ್ದೆವು. ಫ್ಲೋಟಿಂಗ್ ದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು ತಾವು ಎಂದೋ ನಿಯಮ ಮಾಡಿದ್ದೀರಿ. ಆ ಅನುಕೂಲವನ್ನು ಬಳಸಿಕೊಳ್ಳಲು ತಿಳಿವಳಿಕೆಯೇ ಇಲ್ಲದೆ, ಆ ಹಣವನ್ನು ನಾವು ಗೇಟು, ಕಾಂಪೌಂಡಿಗೆ ಖರ್ಚು ಮಾಡಿದೆವು.

ಇಳಿಕೆಯ ಫಲ ಎಲ್ಲರಿಗೂ ಸಿಕ್ಕಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕು. ನಮ್ಮ ಪಕ್ಕದ ಬೀದಿಯ ಟೈಲರ್ ದಂಪತಿಗೆ ಸಂಬಳದ ಚೀಟಿ ಇಲ್ಲದ್ದರಿಂದ ಬ್ಯಾಂಕು ಸಾಲ ಕೊಡಲಿಲ್ಲ, ಒಂದು ಗೃಹಸಾಲ ಸಂಸ್ಥೆಯಿಂದ ತೆಗೆದುಕೊಂಡರು. ಆ ಸಂಸ್ಥೆಗಳ ಮೇಲೆ ಹೊರಗಿನ ಮಾನದಂಡದ ನಿಯಮ ಇಲ್ಲ. ಅವು ತಮ್ಮದೇ ಮೂಲದರವನ್ನು ತಾವೇ ನಿಗದಿ ಮಾಡಿಕೊಳ್ಳುತ್ತವೆ. ರೆಪೊ ಏರಿದಾಗ ಇವರ ದರ ಕೂಡಲೇ ಏರಿತ್ತು. ಇಳಿದಾಗ, ಹೊಸ ಗ್ರಾಹಕರಿಗೆ ಕೊಡುವ ದರ ಬೇಕಾದರೆ ಪರಿವರ್ತನಾ ಶುಲ್ಕ ಕಟ್ಟಿ ಎಂದು ಉತ್ತರ ಬಂದಿದೆ. ಅತಿ ಹೆಚ್ಚು ಬಡ್ಡಿ ಕಟ್ಟುವವರು ಅತಿ ಕಡಿಮೆ ರಕ್ಷಣೆ ಉಳ್ಳವರಾಗಿರುವುದು ನ್ಯಾಯವಲ್ಲ. 2019ರ ಆಗಸ್ಟ್‌ನಿಂದ ಈ ಸಂಸ್ಥೆಗಳ ನಿಯಂತ್ರಣವೂ ತಮ್ಮ ಕೈಯಲ್ಲೇ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಸಾಲಗಾರನ ಒಪ್ಪಿಗೆ ದಾಖಲಾಗದೆ ಯಾವ ಗೃಹಸಾಲದ ಅವಧಿಯನ್ನೂ ವಿಸ್ತರಿಸಕೂಡದು ಎಂದು ಆದೇಶಿಸಿ. ಉತ್ತರ ಬಾರದಿದ್ದರೆ ಬ್ಯಾಂಕು ಕನಿಷ್ಠಪಕ್ಷ ಒಮ್ಮೆ ಫೋನ್ ಮಾಡಿ ವಿಚಾರಿಸಲಿ. ಮಾರಾಟದ ಕರೆಗಳಿಗೆ ಸಿಬ್ಬಂದಿ ಇರುವಾಗ ಇದಕ್ಕೂ ಇರಬಹುದು. ವಿಸ್ತರಣೆಯು ಸಾಲಗಾರನ ನಿವೃತ್ತಿಯ ವಯಸ್ಸನ್ನು ದಾಟುವುದಾದರೆ ಅದನ್ನು ಪ್ರತ್ಯೇಕವಾಗಿ ತಿಳಿಸಿ ಸಹಿ ಪಡೆಯಲಿ. ದರ ಇಳಿದಾಗ, ಹಿಂದೆ ಎಳೆದಿದ್ದ ಅವಧಿ ತಾನಾಗಿಯೇ ಮೊದಲು ಕಡಿಮೆಯಾಗಲಿ. ಗೃಹಸಾಲ ಸಂಸ್ಥೆಗಳನ್ನೂ ಹೊರಗಿನ ಮಾನದಂಡದ ವ್ಯಾಪ್ತಿಗೆ ತನ್ನಿ. ಎಷ್ಟು ಗೃಹಸಾಲಗಳ ಅವಧಿ ಬೆಳೆದಿದೆ, ಸರಾಸರಿ ಎಷ್ಟು ತಿಂಗಳು ಬೆಳೆದಿದೆ ಎಂಬ ಅಂಕಿಅಂಶವನ್ನು ಬ್ಯಾಂಕುಗಳಿಂದ ತರಿಸಿಕೊಂಡು ಪ್ರಕಟಿಸಿ, ಸಮಿತಿಯು ದರದ ಬಗ್ಗೆ ಚರ್ಚಿಸುವಾಗ ಅದೂ ಮೇಜಿನ ಮೇಲಿರಲಿ.

ಭಾಷೆಯ ವಿಷಯವನ್ನು ಬೇರೆಯಾಗಿ ಹೇಳುತ್ತೇನೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಸಾಲಗಳಿಗೆ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂದು ತಾವು ವಿಧಿಸಿದ್ದೀರಿ. ಅದು ಸಾಲ ಪಡೆಯುವ ದಿನದ ಮಾತಾಯಿತು. ಆಮೇಲೆ ಇಪ್ಪತ್ತು ವರ್ಷ ಬರುವ ತ್ರೈಮಾಸಿಕ ಪಟ್ಟಿಗೂ, 2024ಕ್ಕಿಂತ ಹಿಂದಿನ ನಮ್ಮಂಥವರ ಸಾಲಗಳಿಗೂ ಅದೇ ನಿಯಮವನ್ನು ವಿಸ್ತರಿಸಿ. ಅದಕ್ಕೆ ದೊಡ್ಡ ಕಡತ ಬೇಕಿಲ್ಲ. "ನಿಮ್ಮ ಬಡ್ಡಿ ದರ ಇಷ್ಟಾಗಿದೆ. ಈ ತಿಂಗಳ ಕಂತಿನಲ್ಲಿ ಬಡ್ಡಿಗೆ ಇಷ್ಟು, ಅಸಲಿಗೆ ಇಷ್ಟು. ನಿಮ್ಮ ಸಾಲ ಮೊದಲು ಈ ವರ್ಷ ಮುಗಿಯುತ್ತಿತ್ತು, ಈಗ ಈ ವರ್ಷ ಮುಗಿಯುತ್ತದೆ" ಎಂಬ ನಾಲ್ಕು ಸಾಲು ಕನ್ನಡದಲ್ಲಿ ಮೊಬೈಲಿಗೆ ಬಂದರೆ ಸಾಕು. ನಮ್ಮ ಮನೆಗೆ ಬಂದಿದ್ದ ಆ ಗೆಳೆಯರು ಅದನ್ನು ತಾವೇ ಓದಿಕೊಳ್ಳಬಲ್ಲರು.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಗೃಹಸಾಲದ ಗ್ರಾಹಕಿ, ಗಣಿತ ಶಿಕ್ಷಕಿ
ತುಮಕೂರು